ದೊಡ್ಡ ಸೈಲೆನ್ಸರ್ ಕೊಳವೆಯೂ ಟರ್ಬೋದ ಅತಿ ಒತ್ತಡವೂ

ಜೀಪೋ ಪಿಕಪ್ಪೋ ಇಲ್ಲದ ತೋಟ ಇಂದು ನಮ್ಮ ಸೀಮೆಯಲ್ಲಿ ಅಪರೂಪ. ನಾಲ್ಕೈದು ಎಕರೆಯ ಬೆಳೆಗಾರರು ಕೂಡ ಸಾಲ ಮಾಡಿಯಾದರೂ ಒಂದು ಗಾಡಿ ಇಟ್ಟುಕೊಂಡಿರುತ್ತಾರೆ. ಗೊಬ್ಬರ ತರುವುದು, ಕಾಫಿ ಹಣ್ಣನ್ನು ಪಲ್ಪರ್ ಮನೆಗೆ ಮುಟ್ಟಿಸುವುದು, ಒಣಗಿದ ಚೆರಿಯನ್ನು ಕ್ಯೂರಿಂಗ್ ವರ್ಕ್ಸಿಗೂ ಸುಲಿದ ಅಡಿಕೆಯನ್ನು ಮಂಡಿಗೂ ಒಯ್ಯುವುದು, ಅಪರಾತ್ರಿಯಲ್ಲಿ ಕಾಯಿಲೆಯವರನ್ನು ಆಸ್ಪತ್ರೆಗೆ ಸೇರಿಸುವುದು, ಎಲ್ಲವೂ ಆ ಒಂದು ಗಾಡಿಯನ್ನೇ ನೆಚ್ಚಿಕೊಂಡಿವೆ. ಕೊಯ್ಲಿನ ಕಾಲದಲ್ಲಿ ಗಾಡಿ ಎರಡು ದಿನ ನಿಂತರೆ ಕೊಯ್ದ ಹಣ್ಣು ಮೂಟೆಯಲ್ಲೇ ಹುಳಿಯುತ್ತದೆ. ಹುಳಿತ ಹಣ್ಣಿಗೆ ಯಾವ ಬೆಲೆ ಎಂಬುದನ್ನು ಸದಸ್ಯ ಬಾಂಧವರಿಗೆ ಹೇಳಿಕೊಡಬೇಕಾಗಿಲ್ಲ.

ಇಷ್ಟು ಮುಖ್ಯವಾದ ಗಾಡಿಗೆ ಈಚೀಚೆಗೆ ಒಂದು ಹೊಸ ಗೀಳು ಅಂಟಿಕೊಂಡಿದೆ. ಕಂಪೆನಿ ಕೊಟ್ಟ ಸೈಲೆನ್ಸರನ್ನೂ ಅದರ ಕೊಳವೆಯನ್ನೂ ಬಿಚ್ಚಿಸಿ, ಅದಕ್ಕಿಂತ ದಪ್ಪನೆಯ ಕೊಳವೆಯನ್ನು ಹೊರಗಿನ ಅಂಗಡಿಯಿಂದ ತಂದು ಕೂರಿಸುವುದೇ ಆ ಗೀಳು. 'ಫ್ರೀ ಫ್ಲೋ' ಎಂದು ಅದಕ್ಕೊಂದು ಹೆಸರು. ಗಾಡಿಗೆ ಉಸಿರು ಸರಾಗವಾಗುತ್ತದೆ, ಏರಿನಲ್ಲಿ ಎಳೆತ ಹೆಚ್ಚುತ್ತದೆ, ಡೀಸೆಲ್ ಉಳಿಯುತ್ತದೆ ಎಂಬ ಮಾತು ಅಂಗಡಿಯವರದು. ಗಂಭೀರವಾದ ಗುಡುಗಿನಂಥ ಸದ್ದು ಯುವಕರಿಗೆ ಮೆಚ್ಚಿಗೆ. ತಿಂಗಳೊಪ್ಪತ್ತಿನಲ್ಲಿ ದೂರು ಶುರುವಾಗುತ್ತದೆ: ಹೊರೆ ಹೇರಿ ಘಾಟಿ ಹತ್ತುವಾಗ ಮೀಟರಿನ ಹಲಗೆಯಲ್ಲಿ ಎಂಜಿನ್ ದೀಪ ಹತ್ತಿಕೊಳ್ಳುತ್ತದೆ, ಗಾಡಿ ಒಮ್ಮೆಲೇ ಸೋತು ಎತ್ತಿನ ಗಾಡಿಯಂತೆ ತೆವಳುತ್ತದೆ. ಸ್ಕ್ಯಾನರ್ ಹಾಕಿ ನೋಡಿದರೆ 'ಪಿ 0234', ಎಂದರೆ ಟರ್ಬೋದ ಒತ್ತಡ ಮಿತಿ ಮೀರಿದೆ ಎಂಬ ಸಂಕೇತ.

ಈ ತೊಂದರೆಗೆ ಮದ್ದು ಇದೆ. ಆದರೆ ಮದ್ದಿನ ಹೆಸರಿನಲ್ಲಿ ಈಗ ನಡೆಯುತ್ತಿರುವುದರಲ್ಲಿ ಅರ್ಧದಷ್ಟು ಕಾಯಿಲೆಯನ್ನು ಮುಚ್ಚಿಡುವ ಕೆಲಸವೇ ಹೊರತು ಗುಣಪಡಿಸುವ ಕೆಲಸವಲ್ಲ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಅದನ್ನು ಕಾರಣಸಹಿತವಾಗಿ ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಟರ್ಬೋ ಎಂದರೇನು?

ಟರ್ಬೋ ಹೊಸ ವಸ್ತುವೇನೂ ಅಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಇದಕ್ಕೆ 1905ರಲ್ಲೇ ಪೇಟೆಂಟು ಪಡೆದಿದ್ದರು. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚು ಹೋದಂತೆ ಹೆಚ್ಚು ಡೀಸೆಲ್ ಉರಿಸಬಹುದು, ಹೆಚ್ಚು ಶಕ್ತಿ ಪಡೆಯಬಹುದು. ಈ ದಂಡ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ. ಎಣ್ಣೆಯ ತೆಳು ಪದರ ಒಂದೇ ಅದನ್ನು ಹೊತ್ತು ನಿಂತಿರುವುದು.

ಇಷ್ಟು ವೇಗದ ಚಕ್ರಕ್ಕೆ ಕಡಿವಾಣ ಬೇಡವೆ? ಕೆರೆಗೆ ಕೋಡಿ ಇದ್ದಂತೆ ಟರ್ಬೋಗೂ ಒಂದು ಕೋಡಿ ಇದೆ. ಅದರ ಹೆಸರು ವೇಸ್ಟ್‌ಗೇಟ್. ಗಾಳಿಯ ಒತ್ತಡ ಗೊತ್ತುಪಡಿಸಿದ ಮಟ್ಟಕ್ಕೆ ಬಂದೊಡನೆ ಆ ಒತ್ತಡವೇ ಒಂದು ಸಣ್ಣ ರಬ್ಬರ್ ಕೊಳವೆಯ ಮೂಲಕ ಡಬ್ಬಿಯಂಥ ಆಕ್ಚುಯೇಟರಿಗೆ ಹೋಗಿ, ಅದರೊಳಗಿನ ಸ್ಪ್ರಿಂಗನ್ನು ನೂಕಿ, ಒಂದು ಕಡ್ಡಿಯನ್ನು ಚಾಚಿ, ಹೊಗೆಯ ದಾರಿಯಲ್ಲಿರುವ ಮುಚ್ಚಳವನ್ನು ತೆರೆಯುತ್ತದೆ. ಹೆಚ್ಚುವರಿ ಹೊಗೆ ಚಕ್ರವನ್ನು ಮುಟ್ಟದೆ ಪಕ್ಕದ ಕಿಂಡಿಯಿಂದ ನೇರವಾಗಿ ಸೈಲೆನ್ಸರಿನ ಕಡೆಗೆ ಸಾಗುತ್ತದೆ. ಸ್ವೀಡನ್ನಿನ ಸಾಬ್ ಕಂಪೆನಿ 1977ರಲ್ಲಿ ಜನರ ಮುಂದಿಟ್ಟ 99 ಟರ್ಬೋ ಕಾರು, ಈ ಕೋಡಿಯ ನೆರವಿನಿಂದಲೇ ಟರ್ಬೋವನ್ನು ದಿನಬಳಕೆಯ ಸವಾರಿಗೆ ಒಗ್ಗಿಸಿ ತೋರಿಸಿತು.

ಕೆಲವು ಗಾಡಿಗಳಲ್ಲಿ ಕೋಡಿ ಇರುವುದಿಲ್ಲ. ಅದರ ಬದಲು ಚಕ್ರದ ಸುತ್ತ ತೆರೆದು ಮುಚ್ಚುವ ಪುಟ್ಟ ರೆಕ್ಕೆಗಳಿರುತ್ತವೆ. ಇವಕ್ಕೆ ವಿ.ಜಿ.ಟಿ. ಎನ್ನುತ್ತಾರೆ. ಅವುಗಳ ಮಾತನ್ನು ಮುಂದೆ ಹೇಳುತ್ತೇವೆ.

ಕೊಳವೆ ಹಿಗ್ಗಿದರೆ ಒತ್ತಡ ಏರುವುದೇಕೆ?

ಹೊರಹೋಗುವ ದಾರಿ ಅಗಲವಾದರೆ ಒತ್ತಡ ತಗ್ಗಬೇಕಲ್ಲ, ಏರುವುದು ಹೇಗೆ ಎಂದು ಅನೇಕ ಸದಸ್ಯರು ಕೇಳಿದ್ದಾರೆ. ಪ್ರಶ್ನೆ ಸಹಜವಾದುದೇ. ಉತ್ತರ ನಮ್ಮ ಮನೆಯ ಹಿಂದಿನ ಹಳ್ಳದಲ್ಲೇ ಇದೆ.

ಮಲೆನಾಡಿನ ಹಲವು ಮನೆಗಳಲ್ಲಿ ಹಳ್ಳದ ನೀರಿನಿಂದ ವಿದ್ಯುತ್ ತೆಗೆಯುವ ಪುಟ್ಟ ಯಂತ್ರಗಳಿವೆ. ಚಕ್ರವನ್ನು ತಿರುಗಿಸುವುದು ನೀರು ಎಂದು ಹೇಳಿದರೂ ನಿಜವಾಗಿ ತಿರುಗಿಸುವುದು ಮೇಲಿನ ಮಟ್ಟಕ್ಕೂ ಕೆಳಗಿನ ಮಟ್ಟಕ್ಕೂ ಇರುವ ಅಂತರ. ಮಳೆಗಾಲದಲ್ಲಿ ಕೆಳಗಿನ ಕಾಲುವೆ ಕಟ್ಟಿ ನೀರು ಹಿಮ್ಮೆಟ್ಟಿ ಬಂದು ಚಕ್ರವನ್ನು ಮುಳುಗಿಸಿದರೆ ಚಕ್ರ ಸೋಮಾರಿಯಾಗುತ್ತದೆ. ಕೆಳಗಿನ ಕಾಲುವೆಯನ್ನು ಬಿಡಿಸಿಕೊಟ್ಟರೆ ಅದೇ ನೀರಿಗೆ ಚಕ್ರ ಬಿರುಸಾಗಿ ತಿರುಗುತ್ತದೆ. ಟರ್ಬೋದ ಹೊಗೆಯ ಚಕ್ರಕ್ಕೂ ಇದೇ ನ್ಯಾಯ. ಕಂಪೆನಿಯ ಸೈಲೆನ್ಸರ್, ಅದರ ಮುಂದಿರುವ ಕ್ಯಾಟಲಿಟಿಕ್ ಕನ್ವರ್ಟರ್, ತಿರುವುಗಳುಳ್ಳ ಕೊಳವೆ, ಇವೆಲ್ಲ ಸೇರಿ ಚಕ್ರದ ಹಿಂದೆ ಒಂದಿಷ್ಟು ತಡೆ ಉಂಟುಮಾಡಿರುತ್ತವೆ. ಆ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಕೋಡಿಯ ಕಿಂಡಿಯ ಅಳತೆಯನ್ನು ಗೊತ್ತುಮಾಡಿರುತ್ತಾರೆ. ತಡೆ ತೆಗೆದೊಡನೆ ಅಷ್ಟೇ ಹೊಗೆಗೆ ಚಕ್ರ ಹೆಚ್ಚು ಕೆಲಸ ಮಾಡುತ್ತದೆ. ಗಾಳಿಯ ಒತ್ತಡವನ್ನು ಹಳೆಯ ಮಟ್ಟದಲ್ಲೇ ನಿಲ್ಲಿಸಬೇಕಾದರೆ ಮೊದಲಿಗಿಂತ ಹೆಚ್ಚು ಪಾಲು ಹೊಗೆಯನ್ನು ಕೋಡಿಯಿಂದ ಹೊರಬಿಡಬೇಕು. ಕಿಂಡಿ ಮಾತ್ರ ಹಳೆಯದೇ. ಮುಚ್ಚಳ ಪೂರ್ತಿ ತೆರೆದರೂ ಸಾಲದು. ಆಗ ಎಂಜಿನ್ನಿನ ವೇಗ ಏರಿದಂತೆಲ್ಲ ಒತ್ತಡವೂ ಮೆಲ್ಲಮೆಲ್ಲನೆ ಏರುತ್ತ ಹೋಗುತ್ತದೆ.

ಕಾಲುವೆ ಅಗಲಿಸಿ ಕೋಡಿಯನ್ನು ಮರೆತಂತೆ ಎಂದು ಇದನ್ನು ಒಂದೇ ಮಾತಿನಲ್ಲಿ ಹೇಳಬಹುದು.

ಈ ಕಾಯಿಲೆ ನಮ್ಮೂರಿಗೆ ಮಾತ್ರ ಬಂದುದಲ್ಲ. ಜಪಾನಿನ ಸುಬಾರು ಇಂಪ್ರೆಜಾ ಡಬ್ಲ್ಯು.ಆರ್.ಎಕ್ಸ್. ಎಂಬ ಪೆಟ್ರೋಲ್ ಟರ್ಬೋ ಕಾರಿಗೆ ಮೂರು ಅಂಗುಲದ ಕೊಳವೆ ಕೂರಿಸಿಕೊಂಡ ಅಮೆರಿಕದ ಮಾಲೀಕರಿಗೆ ಇದು ಬಹಳ ವರ್ಷಗಳಿಂದ ಪರಿಚಿತ. ಬೇಸಿಗೆಯಲ್ಲಿ ಸರಿಯಾಗಿದ್ದ ಕಾರು ಚಳಿಗಾಲ ಬಂದೊಡನೆ ಒತ್ತಡ ಏರಿಸಿಕೊಂಡು ತಾನೇ ಇಂಧನ ಕಡಿದುಕೊಳ್ಳುತ್ತದೆ. ತಣ್ಣನೆಯ ಗಾಳಿ ದಟ್ಟ. ಆದುದರಿಂದ ಎಂಜಿನ್ ಸೇದುವ ಗಾಳಿಯ ತೂಕವೂ ಹೊರಬಿಡುವ ಹೊಗೆಯ ತೂಕವೂ ಹೆಚ್ಚು. ನಮ್ಮಲ್ಲೂ ದೂರು ಹೆಚ್ಚಾಗಿ ಡಿಸೆಂಬರ್, ಜನವರಿಯ ಬೆಳಗಿನ ಹೊತ್ತಿನಲ್ಲೇ, ಎಂದರೆ ಸರಿಯಾಗಿ ಕೊಯ್ಲಿನ ಕಾಲದಲ್ಲೇ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.

ಎತ್ತರದ ಮಾತೂ ಉಂಟು. ಮಂಗಳೂರಿನ ಕಡಲದಂಡೆಯಲ್ಲಿ ಗಾಳಿಯ ಸಹಜ ಒತ್ತಡ ಸುಮಾರು 101 ಕಿಲೋ ಪಾಸ್ಕಲ್. ಸಾವಿರ ಮೀಟರ್ ಎತ್ತರದ ನಮ್ಮ ಕಾಫಿ ಸೀಮೆಯಲ್ಲಿ ಅದು ಸುಮಾರು 90. ಟರ್ಬೋ ಇನ್ನೊಂದು 100 ಕಿಲೋ ಪಾಸ್ಕಲ್ ಒತ್ತಡ ಸೇರಿಸಬೇಕಾದರೆ ಕಡಲದಂಡೆಯಲ್ಲಿ ಗಾಳಿಯನ್ನು ಎರಡರಷ್ಟು ಅದುಮಿದರೆ ಸಾಕು, ಇಲ್ಲಿ ಎರಡರಷ್ಟಕ್ಕಿಂತಲೂ ತುಸು ಹೆಚ್ಚು ಅದುಮಬೇಕು. ಅದೇ ಒತ್ತಡ 140ಕ್ಕೆ ಏರಿತೆನ್ನಿ, ಆಗ ಎರಡೂವರೆಯನ್ನೂ ದಾಟುತ್ತದೆ. ಬಯಲುಸೀಮೆಯ ಗಾಡಿ ತಡೆದುಕೊಳ್ಳುವ ಅತಿ ಒತ್ತಡವನ್ನು ಘಾಟಿಯ ಮೇಲಿನ ಗಾಡಿ ತಡೆದುಕೊಳ್ಳಲಾರದು.

ಕೇಡು ಎಷ್ಟು?

ಕಂಪ್ಯೂಟರ್ ಉಳ್ಳ ಕಾಮನ್ ರೈಲ್ ಗಾಡಿಗಳಲ್ಲಿ ಒತ್ತಡ ಮಿತಿ ಮೀರಿದೊಡನೆ ಕಂಪ್ಯೂಟರ್ ಡೀಸೆಲನ್ನು ಕಡಿಮೆಮಾಡಿ ಎಂಜಿನ್ನನ್ನು ಉಳಿಸುತ್ತದೆ. ಗಾಡಿ ತೆವಳುವುದು ಅದಕ್ಕಾಗಿಯೇ. ಅದು ಕಾಯಿಲೆಯಲ್ಲ, ಕಾವಲುಗಾರ. ಹಳೆಯ ಮಾದರಿಯ ಪಂಪಿನ ಡೀಸೆಲ್ ಗಾಡಿಗಳಲ್ಲಿ ಈ ಕಾವಲುಗಾರನೂ ಇಲ್ಲ, ದೀಪವೂ ಇಲ್ಲ. ಗಾಡಿ ಮೊದಮೊದಲು ಚೆನ್ನಾಗಿಯೇ ಎಳೆಯುತ್ತದೆ. ಒಳಗೆ ಮಾತ್ರ ದಂಡದ ಬೇರಿಂಗು ಸವೆಯುತ್ತಿರುತ್ತದೆ, ಹೆಡ್ ಗ್ಯಾಸ್ಕೆಟಿನ ಮೇಲೆ ಒತ್ತಡ ಬೀಳುತ್ತಿರುತ್ತದೆ. ಪೆಟ್ರೋಲ್ ಟರ್ಬೋ ಗಾಡಿಗಳಲ್ಲಿ ಅಪಾಯ ಇನ್ನೂ ಬೇಗ. ಅತಿ ಒತ್ತಡದಿಂದ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನನ್ನೇ ಒಡೆಯಬಲ್ಲದು.

ಡೀಸೆಲ್ ಗಾಡಿಯ ಅತಿ ಕೆಟ್ಟ ಪರಿಣಾಮವನ್ನು ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು. ಟರ್ಬೋದ ದಂಡ ಹಾಳಾಗಿ ಎಣ್ಣೆಯ ಸೀಲು ಕಿತ್ತುಹೋದರೆ ಎಂಜಿನ್ ತನ್ನದೇ ಎಣ್ಣೆಯನ್ನು ಸೇದಿ ಉರಿಸತೊಡಗುತ್ತದೆ. ಆಗ ಕೀಲಿ ತಿರುಗಿಸಿದರೂ ಎಂಜಿನ್ ನಿಲ್ಲುವುದಿಲ್ಲ, ವೇಗ ಏರುತ್ತಲೇ ಹೋಗುತ್ತದೆ. ಬ್ರೇಕನ್ನು ಬಲವಾಗಿ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ, ಕ್ಲಚ್ಚು ಬಿಟ್ಟು ಎಂಜಿನ್ನನ್ನು ಉಸಿರುಕಟ್ಟಿಸಿ ನಿಲ್ಲಿಸುವುದೇ ದಾರಿ. ಅದು ಆಗದಿದ್ದರೆ ಗಾಳಿ ಸೇದುವ ಬಾಯಿಗೆ ಗಟ್ಟಿ ಹಲಗೆ ಅಡ್ಡ ಇಡಬೇಕು. ಕೈ ಮಾತ್ರ ಒಡ್ಡಬಾರದು. ಚಾರ್ಮಾಡಿಯ ತಿರುವಿನಲ್ಲಿ ಹೊರೆ ಹೇರಿದ ಗಾಡಿಗೆ ಹೀಗಾದರೆ ಏನು ಗತಿ ಎಂದು ಊಹಿಸಿಕೊಳ್ಳಿ.

ಒಂದು ಪಿಕಪ್ಪಿನ ಕಥೆ

ನಮ್ಮ ಸದಸ್ಯರೊಬ್ಬರ ಪಿಕಪ್ಪಿನ ವಿಚಾರ ಇಲ್ಲಿ ಹೇಳುವುದು ಉಪಯುಕ್ತ. ವೇಸ್ಟ್‌ಗೇಟ್ ಇರುವ ಟರ್ಬೋ ಡೀಸೆಲ್ ಗಾಡಿ. ಕೊಯ್ಲಿಗೆ ಮುಂಚೆ ಟರ್ಬೋದ ಬಾಯಿಂದ ಹಿಡಿದು ಬಾಲದವರೆಗೆ ದಪ್ಪ ಕೊಳವೆ ಹಾಕಿಸಿದ್ದರು. ರೊಬಸ್ಟಾ ಮೂಟೆ ಹೇರಿ ಏರು ಹತ್ತುವಾಗ, ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಪ್ರತಿ ಸಲವೂ ದೀಪ ಹತ್ತಿ ಗಾಡಿ ಸೋಲುತ್ತಿತ್ತು. ನಿಲ್ಲಿಸಿ ಕೀಲಿ ತೆಗೆದು ಹಾಕಿದರೆ ಮತ್ತೆ ಸರಿ. ಪೇಟೆಯ ಗ್ಯಾರೇಜೊಂದರಲ್ಲಿ ಮೊದಲು ಒತ್ತಡ ಅಳೆಯುವ ಸೆನ್ಸರ್ ಬದಲಾಯಿಸಿದರು. ಸರಿಹೋಗಲಿಲ್ಲ. ಟರ್ಬೋವನ್ನೇ ಬದಲಾಯಿಸಬೇಕು ಎಂದರು. ಸದಸ್ಯರು ಹಿಂಜರಿದಾಗ, ಕಂಪ್ಯೂಟರಿನ ಮಿತಿಯನ್ನೇ ಏರಿಸಿ ದೀಪ ಹತ್ತದಂತೆ ಮಾಡಿಕೊಡುತ್ತೇವೆ ಎಂದರು.

ಆ ಹಂತದಲ್ಲಿ ಗಾಡಿ ಸಂಘದ ಅಂಗಳಕ್ಕೆ ಬಂತು. ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಕೊಳವೆಯನ್ನು ಟರ್ಬೋದ ಬಾಯಿಂದ ಬಿಚ್ಚಿಸಿದೆವು. ವೇಸ್ಟ್‌ಗೇಟಿನ ಮುಚ್ಚಳದ ಅಂಚಿನಲ್ಲಿ ಹೊಳೆಯುವ ಉಜ್ಜಿದ ಗುರುತು ಕಂಡಿತು. ಹೊಸ ಕೊಳವೆಯ ಬಾಯಂಚು ಮುಚ್ಚಳಕ್ಕೆ ತಾಗಿ, ಅದು ಅರ್ಧಕ್ಕಿಂತ ಹೆಚ್ಚು ತೆರೆಯದಂತೆ ತಡೆಯುತ್ತಿತ್ತು. ಅಂಚನ್ನು ಉಜ್ಜಿ ತೆಗೆದ ಮೇಲೆ ಒತ್ತಡ ಬಹಳಷ್ಟು ಇಳಿಯಿತು. ಆದರೂ ಬೆಳಗಿನ ಚಳಿಯಲ್ಲಿ ಪೂರ್ತಿ ಹೊರೆಯೊಡನೆ ಪರೀಕ್ಷಿಸಿದಾಗ ಮೇಲಿನ ವೇಗದಲ್ಲಿ ಮತ್ತೆ ಏರುತ್ತಿತ್ತು. ಕೊನೆಗೆ ಉಗ್ರಾಣದಲ್ಲಿ ಬಿದ್ದಿದ್ದ ಕಂಪೆನಿಯ ಕೊಳವೆಯನ್ನೇ ತಂದು ಕೂರಿಸಲಾಯಿತು. ಅಂದಿನಿಂದ ಆ ದೀಪ ಹತ್ತಿಲ್ಲ. ಹಳೆಯ ಕೊಳವೆಯನ್ನು ಗುಜರಿಗೆ ಹಾಕದೆ ಇಟ್ಟುಕೊಂಡದ್ದೇ ಆ ಸದಸ್ಯರನ್ನು ಕಾಪಾಡಿತು.

ಪರೀಕ್ಷೆಯ ಕ್ರಮ

ಸಾಮಾನು ಬದಲಾಯಿಸುವುದಕ್ಕೆ ಮುಂಚೆ ಈ ಕ್ರಮದಲ್ಲಿ ಪರೀಕ್ಷೆ ನಡೆಯಲೇಬೇಕೆಂದು ಸದಸ್ಯರು ಮೆಕ್ಯಾನಿಕನನ್ನು ಒತ್ತಾಯಿಸಬೇಕು.

1. ಒತ್ತಡ ನಿಜವಾಗಿಯೂ ಏರುತ್ತಿದೆಯೆ? ಸೆನ್ಸರಿನ ಮೇಲೆ ಮಸಿ ಕಟ್ಟಿಕೊಂಡರೆ ಸುಳ್ಳು ಲೆಕ್ಕ ಕೊಡುತ್ತದೆ. ಎಂಜಿನ್ ಶುರು ಮಾಡದೆ ಬರಿಯ ಕೀಲಿ ತಿರುಗಿಸಿ ಸ್ಕ್ಯಾನರಿನಲ್ಲಿ ಓದಿರಿ. ಸಾವಿರ ಮೀಟರ್ ಎತ್ತರದಲ್ಲಿ ಅದು ಸುಮಾರು 90 ತೋರಿಸಬೇಕು. 110, 120 ಎಂದು ತೋರಿಸಿದರೆ ಸೆನ್ಸರಿನದೇ ದೋಷ. ಇಲ್ಲೊಂದು ಎಚ್ಚರಿಕೆ: ಸ್ಕ್ಯಾನರ್ ತೋರಿಸುವುದು ಸಹಜ ಗಾಳಿಯ ಒತ್ತಡವೂ ಸೇರಿದ ಮೊತ್ತ. ಮುಳ್ಳಿನ ಗೇಜು ತೋರಿಸುವುದು ಟರ್ಬೋ ಸೇರಿಸಿದ್ದನ್ನು ಮಾತ್ರ. ಸ್ಕ್ಯಾನರಿನ 190ಕ್ಕೂ ಗೇಜಿನ 100ಕ್ಕೂ ನಮ್ಮ ಎತ್ತರದಲ್ಲಿ ವ್ಯತ್ಯಾಸವೇ ಇಲ್ಲ. ಇದನ್ನು ತಿಳಿಯದೆ ಒಳ್ಳೆಯ ಟರ್ಬೋವನ್ನು ಬಿಚ್ಚಿ ಎಸೆದವರುಂಟು.

2. ಒತ್ತಡ ಏರುವ ರೀತಿ ಯಾವುದು? ಆಕ್ಸಿಲರೇಟರ್ ಒತ್ತಿದೊಡನೆ ಒಮ್ಮೆ ಜಿಗಿದು ಮತ್ತೆ ಇಳಿದರೆ ನಿಯಂತ್ರಣದ ಸೊಲೆನಾಯ್ಡಿನ ಕಡೆ ನೋಡಬೇಕು. ವೇಗದೊಡನೆ ಮೆಲ್ಲಗೆ ಏರುತ್ತಲೇ ಹೋದರೆ ಕೋಡಿ ಸಾಲದೆ ಹೋಗಿದೆ ಎಂದು ಅರ್ಥ. ಮೊದಲಿನಿಂದಲೇ ತಡೆಯಿಲ್ಲದೆ ಏರಿದರೆ ಕೋಡಿ ತೆರೆಯುತ್ತಲೇ ಇಲ್ಲ.

3. ಆಕ್ಚುಯೇಟರಿಗೆ ಹೋಗುವ ಸಣ್ಣ ರಬ್ಬರ್ ಕೊಳವೆ. ಹೊಸ ಕೊಳವೆಯ ಕಾವಿಗೆ ಅದು ಕರಗಿರಬಹುದು, ಜೋಡಿಸುವಾಗ ಕಳಚಿರಬಹುದು. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಲ್ಲಿ ಇಲಿ ಕಡಿದಿರಲೂ ಸಾಕು. ನಾಲ್ಕು ಕಾಸಿನ ಈ ಕೊಳವೆ ತೂತಾದರೆ ಕೋಡಿ ತೆರೆಯುವುದೇ ಇಲ್ಲ.

4. ಆಕ್ಚುಯೇಟರ್. ಗೇಜಿರುವ ಕೈಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟು, ಕಡ್ಡಿ ಯಾವ ಒತ್ತಡಕ್ಕೆ ಚಲಿಸತೊಡಗುತ್ತದೆ ಎಂದು ನೋಡಿ, ಕಂಪೆನಿಯ ಪುಸ್ತಕದ ಲೆಕ್ಕದೊಡನೆ ಹೋಲಿಸಬೇಕು. ಗಾಳಿ ನಿಲ್ಲದೆ ಸೋರಿದರೆ ಒಳಗಿನ ಪೊರೆ ಹರಿದಿದೆ. ಹಿಂದೆ ಯಾರಾದರೂ 'ಪಿಕಪ್ ಹೆಚ್ಚಿಸಲು' ಕಡ್ಡಿಯ ನಟ್ಟು ಬಿಗಿಮಾಡಿದ್ದಾರೆಯೇ ಎಂಬುದನ್ನೂ ನೋಡಬೇಕು.

5. ಮುಚ್ಚಳ. ಕೊಳವೆಯನ್ನು ಬಿಚ್ಚಿ, ಮುಚ್ಚಳ ಪೂರ್ತಿ ತೆರೆಯುತ್ತದೆಯೆ, ಕೊಳವೆಯ ಬಾಯಾಗಲಿ ಗ್ಯಾಸ್ಕೆಟಾಗಲಿ ಅದಕ್ಕೆ ತಾಗುತ್ತದೆಯೆ ಎಂದು ಕಣ್ಣಾರೆ ನೋಡಬೇಕು.

ವಿ.ಜಿ.ಟಿ. ಗಾಡಿಗಳಲ್ಲಿ ದಪ್ಪ ಕೊಳವೆಯನ್ನು ನಿಭಾಯಿಸಲು ರೆಕ್ಕೆಗಳಿಗೆ ಸಾಮಾನ್ಯವಾಗಿ ಅವಕಾಶವಿರುತ್ತದೆ. ಅಲ್ಲಿ ಅತಿ ಒತ್ತಡ ಬಂದರೆ ರೆಕ್ಕೆಗಳು ಮಸಿ ಹಿಡಿದು ಅಂಟಿಕೊಂಡಿರುವ ಸಂಭವ ಹೆಚ್ಚು. ಮೊದಲು ಅದನ್ನೇ ಪರೀಕ್ಷಿಸಬೇಕು.

ಸಲ್ಲುವ ಮದ್ದು, ಸಲ್ಲದ ಮದ್ದು

ಮೇಲಿನ ಐದೂ ಸರಿಯಾಗಿದ್ದು ಒತ್ತಡ ಏರುತ್ತಲೇ ಇದ್ದರೆ ಕೋಡಿಯ ಕಿಂಡಿ ಚಿಕ್ಕದು ಎಂಬುದು ಖಚಿತ. ಆಗ ಉಳಿಯುವ ದಾರಿಗಳು ಕೆಲವೇ.

ಮೊದಲನೆಯದು ಹಳೆಯ ಕೊಳವೆಗೆ ಮರಳುವುದು. ಇದಕ್ಕೆ ತಗಲುವುದು ಕೂಲಿ ಮತ್ತು ಒಂದು ಗ್ಯಾಸ್ಕೆಟ್ ಮಾತ್ರ. ಹೊರೆ ಹೊರುವ ತೋಟದ ಗಾಡಿಗೆ ನಾವು ಸಲಹೆ ಮಾಡುವುದು ಇದೊಂದನ್ನೇ.

ಎರಡನೆಯದು ದಪ್ಪ ಕೊಳವೆಯೊಳಗೆ ಕಿರಿದಾದ ಬಳೆ ಕೂರಿಸಿ ತಡೆಯನ್ನು ಮತ್ತೆ ತಂದುಕೊಳ್ಳುವುದು. ಇದು ಕೆಲಸ ಮಾಡುತ್ತದೆ. ಆದರೆ ಹಣ ಕೊಟ್ಟು ತಡೆ ತೆಗೆಸಿ, ಮತ್ತೆ ಹಣ ಕೊಟ್ಟು ತಡೆ ಹಾಕಿಸುವುದರಲ್ಲಿ ಯಾವ ಲಾಭವೋ ನಾವು ಕಾಣೆವು.

ಮೂರನೆಯದು ಟರ್ಬೋ ಬಿಚ್ಚಿ ಕಿಂಡಿಯನ್ನು ಹಿಗ್ಗಿಸಿ, ಒಳದಾರಿಯನ್ನು ನಯಗೊಳಿಸಿ, ಬೇಕಾದರೆ ದೊಡ್ಡ ಮುಚ್ಚಳ ಕೂರಿಸುವುದು. ಸುಬಾರು ಮಾಲೀಕರು ಹಿಡಿದದ್ದು ಇದೇ ದಾರಿ. ಕಾಯಿಲೆಯ ಮೂಲಕ್ಕೇ ಕೈಹಾಕುವ ಮದ್ದು ಇದು. ಆದರೆ ಮುಚ್ಚಳ ಕೂರಲು ಸುತ್ತಲೂ ಅಂಚು ಉಳಿಯಬೇಕು. ಎರಕದ ಗೋಡೆ ತೆಳುವಾದರೆ ಕಾವಿಗೆ ಬಿರುಕು ಬಿಡುತ್ತದೆ. ಕುಶಲ ಕೈ ಬೇಕು.

ನಾಲ್ಕನೆಯದು ಹೊರಗೆ ಪ್ರತ್ಯೇಕವಾದ ದೊಡ್ಡ ವೇಸ್ಟ್‌ಗೇಟ್ ಜೋಡಿಸುವುದು. ಇದು ಪಂದ್ಯದ ಗಾಡಿಗೆ ತಕ್ಕುದು, ಗೊಬ್ಬರದ ಗಾಡಿಗಲ್ಲ.

ಇನ್ನು ಸಲ್ಲದ ಮದ್ದುಗಳು. ಆಕ್ಚುಯೇಟರಿನ ಕಡ್ಡಿಯನ್ನು ಸಡಿಲಿಸಿದರೆ ಸರಿಹೋಗುತ್ತದೆ ಎಂದು ಕೆಲವರು ಹೇಳುತ್ತಾರೆ. ಬೋರ್ಡೋ ಸಿಂಪಡಿಸುವ ಎಚ್.ಟಿ.ಪಿ. ಪಂಪನ್ನು ನೆನೆಯಿರಿ. ಡ್ರಮ್ಮಿಗೆ ಮರಳುವ ಪೈಪು ಕಿರಿದಾಗಿದ್ದರೆ ರೆಗ್ಯುಲೇಟರನ್ನು ಎಷ್ಟು ಸಡಿಲಿಸಿದರೂ ಗೇಜು ಇಳಿಯುವುದಿಲ್ಲವಷ್ಟೆ. ಪೂರ್ತಿ ತೆರೆದುಕೊಂಡ ಮುಚ್ಚಳವನ್ನು ಇನ್ನಷ್ಟು ತೆರೆಯಲು ಕಡ್ಡಿಗೆ ಸಾಧ್ಯವಿಲ್ಲ. ಕಂಪ್ಯೂಟರಿಗೂ ಸಾಧ್ಯವಿಲ್ಲ. ಕಂಪ್ಯೂಟರಿನಲ್ಲಿ ಡೀಸೆಲ್ ಕಡಿಮೆಮಾಡಿ ಒತ್ತಡ ಇಳಿಸಬಹುದು, ನಿಜ. ಆದರೆ ಶಕ್ತಿ ಹೆಚ್ಚಿಸಲೆಂದು ಕೊಳವೆ ಹಾಕಿಸಿ, ಆ ಕೊಳವೆ ತಂದ ತೊಂದರೆಗಾಗಿ ಶಕ್ತಿ ಕಡಿಮೆಮಾಡಿಕೊಳ್ಳುವುದು ಎಂಥ ವ್ಯಾಪಾರ? ಎಲ್ಲಕ್ಕಿಂತ ಕೆಟ್ಟದ್ದು ಮಿತಿಯನ್ನು ಏರಿಸಿ, ಸೆನ್ಸರಿನ ತಂತಿಗೆ ರೆಸಿಸ್ಟರ್ ಸೇರಿಸಿ, ಕಂಪ್ಯೂಟರಿಗೆ ಸುಳ್ಳು ಹೇಳಿಸುವುದು. ಮನೆ ಕಾಯುವ ನಾಯಿ ಬೊಗಳಿತೆಂದು ಅದರ ಬಾಯಿ ಕಟ್ಟಿದಂತಾಯಿತು. ಕಳ್ಳನಂತೂ ಅಂಗಳದಲ್ಲೇ ಇದ್ದಾನೆ.

ಮದ್ದು ಆಗುವ ತನಕ ಗಾಡಿ ಓಡಿಸಲೇಬೇಕಾದರೆ ಹೊರೆ ತಗ್ಗಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತದೆ, ಎಂಜಿನ್ನಿನ ವೇಗವನ್ನು ಮೇಲಕ್ಕೆ ಏರಗೊಡದೆ ಓಡಿಸಬೇಕು. ದೀಪ ಹತ್ತಿದಾಗಲೆಲ್ಲ ಕೀಲಿ ತೆಗೆದು ಹಾಕಿ ಮತ್ತೆ ಏರು ಹತ್ತಿಸುವ ಅಭ್ಯಾಸ ಒಳ್ಳೆಯದಲ್ಲ.

ಕಾಯಿದೆಯ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182-ಎ ಕಲಮನ್ನು ಸೇರಿಸಿ, ಒಪ್ಪಿಗೆಯಿಲ್ಲದ ಪ್ರತಿಯೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆವಾಸವನ್ನೋ ಎರಡನ್ನೋ ಗೊತ್ತುಪಡಿಸಲಾಯಿತು. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಗಾಡಿಗಳಲ್ಲಿ ಕೊಳವೆಯ ಜತೆಗೆ ಮಸಿ ಹಿಡಿಯುವ ಫಿಲ್ಟರನ್ನೂ ಕಿತ್ತುಹಾಕಿದರೆ ಹೊಗೆಯ ನಿಯಮವನ್ನೂ ಮುರಿದಂತಾಗುತ್ತದೆ. ಗ್ಯಾರಂಟಿ ಕೈತಪ್ಪುವ ಭಯ ಬೇರೆ. ಅಪಘಾತವಾದಾಗ ವಿಮೆಯವರು ತಕರಾರು ಎತ್ತಲು ಇದಕ್ಕಿಂತ ಒಳ್ಳೆಯ ನೆಪ ಬೇಕಾಗಿಲ್ಲ. ಬ್ಯಾಂಕಿನ ಸಾಲ ತೀರದ ಗಾಡಿಯ ಮಾಲೀಕರು ಇದನ್ನು ಎರಡು ಸಲ ಯೋಚಿಸಬೇಕು.

ಯುವಕರಿಗೆ ಒಂದು ಮಾತು

ಕಂಪೆನಿಯವರು ಖರ್ಚು ಉಳಿಸಲು ಕಿರಿದು ಕೊಳವೆ ಹಾಕುತ್ತಾರೆ, ಅದನ್ನು ಸರಿಪಡಿಸಿಕೊಳ್ಳುವುದರಲ್ಲಿ ತಪ್ಪೇನು ಎಂದು ನಮ್ಮ ಯುವಕರು ವಾದಿಸುತ್ತಾರೆ. ಈ ವಾದದಲ್ಲಿ ಸತ್ಯಾಂಶ ಇಲ್ಲದಿಲ್ಲ. ಸದ್ದು, ಹೊಗೆ, ಬೆಲೆ ಇವುಗಳ ನಡುವೆ ರಾಜಿಮಾಡಿಕೊಂಡೇ ಕಂಪೆನಿ ಕೊಳವೆಯನ್ನು ರೂಪಿಸುತ್ತದೆ. ಸರಾಗವಾದ ಕೊಳವೆಯಿಂದ ಟರ್ಬೋ ಬೇಗ ಎಚ್ಚರಗೊಳ್ಳುತ್ತದೆ ಎಂಬುದೂ ನಿಜ. ಆದರೆ ಡೀಸೆಲ್ ಎಂಜಿನ್ನಿನಲ್ಲಿ ಶಕ್ತಿ ಬರುವುದು ಉರಿಯುವ ಡೀಸೆಲಿನಿಂದ. ಡೀಸೆಲಿನ ಪ್ರಮಾಣ ಅಷ್ಟೇ ಇದ್ದು ಬರಿಯ ಕೊಳವೆ ದಪ್ಪವಾದರೆ ದೊರೆಯುವ ಲಾಭ ಅಲ್ಪ, ಸದ್ದು ಮಾತ್ರ ಬಹಳ.

ರ‍್ಯಾಲಿಯ ಗಾಡಿಗಳನ್ನು ಎತ್ತಿ ತೋರಿಸುವವರೂ ಇದ್ದಾರೆ. 2016ರಲ್ಲಿ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಭಾರತದ ಸುತ್ತು ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೇ ನಡೆಯಿತು. ಆ ಉತ್ಸಾಹವನ್ನು ನಾವು ಹಳಿಯುವುದಿಲ್ಲ. ಆದರೆ ರ‍್ಯಾಲಿಯ ಗಾಡಿಯಲ್ಲಿ ಕೊಳವೆ, ಟರ್ಬೋ, ಕೋಡಿ, ಇಂಧನ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಕೂರಿಸಿರುತ್ತಾರೆ. ಪ್ರತಿ ಪಂದ್ಯದ ಮೊದಲೂ ನಂತರವೂ ಬಿಚ್ಚಿ ನೋಡುತ್ತಾರೆ. ನಮ್ಮ ಗಾಡಿಗೆ ಎಣ್ಣೆ ಬದಲಾಯಿಸುವುದೇ ಕೊಯ್ಲು ಮುಗಿದ ಮೇಲೆ! ಒಂದೇ ಅಂಗ ಬದಲಾಯಿಸಿ ಉಳಿದುವನ್ನು ಹಾಗೆಯೇ ಬಿಟ್ಟರೆ ಆಗುವುದು ಮೂಗಿಗಿಂತ ಮೂಗುತಿ ಭಾರ.

ಸಂಘದ ಕರ್ತವ್ಯ

ಇಂಥ ವಿಷಯದಲ್ಲಿ ಬರಿಯ ಉಪದೇಶ ಸಾಲದು. ಒಬ್ಬೊಬ್ಬರೇ ಗ್ಯಾರೇಜಿಗೆ ಹೋದಾಗ ಅಲ್ಲಿ ಹೇಳಿದ್ದೇ ವೇದ. ನಮ್ಮ ಕೈಯಲ್ಲಿ ಲೆಕ್ಕ ಇದ್ದರೆ ಮಾತಿನ ಧಾಟಿಯೇ ಬೇರೆಯಾಗುತ್ತದೆ. ಇತ್ತೀಚಿನ ಗಾಡಿಗಳ ಸ್ಟಿಯರಿಂಗಿನ ಕೆಳಗೆ ಸ್ಕ್ಯಾನರ್ ಜೋಡಿಸುವ 16 ಪಿನ್ನುಗಳ ಬಾಯಿ ಇರುತ್ತದೆ. ಸಾಧಾರಣ ಸ್ಕ್ಯಾನರಿನ ಬೆಲೆ ಒಂದು ಒಳ್ಳೆಯ ಸಿಂಪಡಣೆ ಯಂತ್ರದ ಬೆಲೆಯನ್ನು ಮೀರುವುದಿಲ್ಲ. ಒಂದು ಸ್ಕ್ಯಾನರ್, ಒತ್ತಡದ ಒಂದು ಗೇಜು, ಗೇಜಿರುವ ಒಂದು ಕೈಪಂಪು, ಇವಿಷ್ಟನ್ನು ಸಂಘದ ಡಿಪೋದಲ್ಲಿ ಇಟ್ಟು, ಪುಸ್ತಕದಲ್ಲಿ ಸಹಿ ಪಡೆದು ಸದಸ್ಯರಿಗೆ ಒಂದು ದಿನದ ಮಟ್ಟಿಗೆ ಕೊಡಬಹುದು. ತೇವ ಅಳೆಯುವ ಯಂತ್ರವನ್ನು ಹಂಚಿಕೊಂಡು ಬಳಸಬಹುದಾದರೆ ಇದನ್ನೇಕೆ ಬಳಸಬಾರದು? ಕಂಪ್ಯೂಟರ್ ಬಲ್ಲ ಇಬ್ಬರು ಯುವಕರು ಮುಂದೆ ಬಂದರೆ ಅವರಿಗೆ ಓದುವ ಕ್ರಮವನ್ನು ಕಲಿಸಬಹುದು. ದಪ್ಪ ಕೊಳವೆಯ ಮೋಹ ಇರುವ ಕೈಗಳಿಗೇ ಈ ಜವಾಬ್ದಾರಿ ಕೊಡುವುದು ಉತ್ತಮವೆಂದು ನಮಗೆ ತೋರುತ್ತದೆ. ಒತ್ತಡ ಏರುವುದನ್ನು ಕಣ್ಣಾರೆ ಕಂಡವರಿಗೆ ಉಪದೇಶ ಬೇಕಾಗುವುದಿಲ್ಲ.

ಈ ಸಲಹೆಯನ್ನು ಬರುವ ಮಹಾಸಭೆಯ ಮುಂದೆ ಇಡಬೇಕೆಂದಿದ್ದೇವೆ. ಅಲ್ಲಿಯವರೆಗೆ ಸದಸ್ಯರಲ್ಲಿ ನಮ್ಮ ಕೋರಿಕೆ ಎರಡೇ: ಕೊಯ್ಲು ಮುಗಿಯುವ ತನಕ ಹೊರೆ ಹೊರುವ ಗಾಡಿಯ ಕೊಳವೆಗೆ ಕೈಹಾಕಬೇಡಿ, ಈಗಾಗಲೇ ಬದಲಾಯಿಸಿದವರು ಕಂಪೆನಿಯ ಹಳೆಯ ಕೊಳವೆಯನ್ನು ಗುಜರಿಯವರಿಗೆ ಮಾರಬೇಡಿ.